ಕಾರಿನಡಿಯ ತುಕ್ಕಿಗೆ ಯಾರು ಹೊಣೆ?

1960ರ ದಶಕದ ಇಂಗ್ಲೆಂಡ್. ಇಳಿಜಾರು ರಸ್ತೆಯಲ್ಲಿ ಬರುತ್ತಿದ್ದ ಲಾರಿಯೊಂದರ ಬ್ರೇಕ್ ಕೈಕೊಟ್ಟಿತು. ಚಾಲಕ ತನ್ನ ಕೈಲಾದದ್ದನ್ನೆಲ್ಲ ಮಾಡಿದರೂ ಲಾರಿ ನಿಲ್ಲಲಿಲ್ಲ. ರಸ್ತೆ ಬದಿಗೆ ನಿಲ್ಲಿಸಿದ್ದ ವ್ಯಾನಿನಿಂದ ಇಳಿಯುತ್ತಿದ್ದವರೊಬ್ಬರು ಅದಕ್ಕೆ ಸಿಕ್ಕಿ ಸತ್ತರು. ಆಮೇಲೆ ಲಾರಿಯ ಅಡಿಭಾಗ ಬಿಚ್ಚಿ ನೋಡಿದರೆ, ಬ್ರೇಕ್ ಆಯಿಲ್ ಹರಿಯುವ ಉಕ್ಕಿನ ಪೈಪಿನಲ್ಲೊಂದು ತೂತು. 0.7 ಮಿಲಿಮೀಟರ್ ದಪ್ಪ ಇರಬೇಕಾದ ಪೈಪಿನ ಗೋಡೆಯನ್ನು ತುಕ್ಕು ತಿಂದು ತಿಂದು 0.1 ಮಿಲಿಮೀಟರಿಗೆ ಇಳಿಸಿತ್ತು.

ಸತ್ತವರ ಪತ್ನಿ ಪರಿಹಾರ ಕೇಳಿ ಕೋರ್ಟಿಗೆ ಹೋದರು. ಲಾರಿ ಮಾಲೀಕರ ಸಮಜಾಯಿಷಿ ಮೇಲ್ನೋಟಕ್ಕೆ ನ್ಯಾಯವಾಗಿಯೇ ಇತ್ತು. ಪೈಪಿನ ಕಾಣುವ ಭಾಗವನ್ನು ತಪ್ಪದೆ ನೋಡುತ್ತಿದ್ದೆವು; ತುಕ್ಕು ಹಿಡಿದದ್ದು ಕಾಣದ ಕಡೆ; ಪೈಪನ್ನು ಪೂರ್ತಿ ಬಿಚ್ಚಿ ತೆಗೆದಿದ್ದರೆ ಮಾತ್ರ ಗೊತ್ತಾಗುತ್ತಿತ್ತು; ಹಾಗೆ ಬಿಚ್ಚಿ ನೋಡಿ ಎಂದು ಲಾರಿ ತಯಾರಕರೂ ಹೇಳಿಲ್ಲ, ಸಾರಿಗೆ ಸಚಿವಾಲಯವೂ ಹೇಳಿಲ್ಲ. ಕೆಳಗಿನ ನ್ಯಾಯಾಲಯಗಳು ಇದನ್ನು ಒಪ್ಪಿದವು. ಆದರೆ 1969ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 3–2ರ ಬಹುಮತದಿಂದ ತೀರ್ಪನ್ನು ತಿರುಗಿಸಿತು. ಈ ಲಾರಿ ಯಾವ ಯಾವ ದಾರಿಯಲ್ಲಿ ಓಡಿತ್ತು, ಏನೇನು ಹೊತ್ತಿತ್ತು, ಉಪ್ಪುನೀರೋ ರಾಸಾಯನಿಕವೋ ಅದಕ್ಕೆ ತಗುಲಿತ್ತೇ ಎಂಬುದನ್ನು ಮಾಲೀಕರೇ ಹೇಳಬೇಕಿತ್ತು, ಹೇಳಲಿಲ್ಲ. ಆದ್ದರಿಂದ ಅವರು ತಕ್ಕ ಎಚ್ಚರ ವಹಿಸಿದ್ದರೆಂದು ನಂಬಲಾಗದು ಎಂದಿತು ಪೀಠ. ಕಾನೂನು ವಿದ್ಯಾರ್ಥಿಗಳು ಇದನ್ನು ಹೆಂಡರ್ಸನ್ ಪ್ರಕರಣ ಎಂದು ಇಂದಿಗೂ ಓದುತ್ತಾರೆ.

ಅರ್ಧ ಶತಮಾನ ದಾಟಿದ ಈ ತೀರ್ಪನ್ನು ಇಲ್ಲಿ ನೆನೆಯಲು ಕಾರಣವಿದೆ. ಕರ್ನಾಟಕದ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ 'ಬ್ರೇಕ್ ವೈಫಲ್ಯದಿಂದ' ಎಂದು ಶುರುವಾಗುವ ಸುದ್ದಿಗೆ ಬರವಿಲ್ಲ. ಆ ಎರಡು ಪದ ಬಿದ್ದ ಕೂಡಲೇ ವಿಚಾರಣೆ ಮುಗಿದಂತೆ. ಸಿಡಿಲು ಬಡಿದರೆ ಯಾರೇನು ಮಾಡಲಾದೀತು ಎನ್ನುವ ಧಾಟಿ. ಆ ವಾಹನದ ಅಡಿಗೆ ಕೊನೆಯ ಸಲ ಯಾರು, ಯಾವಾಗ ಬಗ್ಗಿ ನೋಡಿದ್ದರು ಎಂದು ಸುದ್ದಿಗಾರರು ಕೇಳುವುದಿಲ್ಲ, ಓದುಗರೂ ಕೇಳುವುದಿಲ್ಲ. ಲಾರ್ಡ್ಸ್ ಕೇಳಿದ್ದು ಅದನ್ನೇ.

ಕಾರಿನ ಬ್ರೇಕ್ ಪೈಪ್ ಬಲು ಸಣ್ಣ ವಸ್ತು. ಅದರ ಹೊರವ್ಯಾಸ ಸಾಮಾನ್ಯವಾಗಿ 4.75 ಮಿಲಿಮೀಟರ್, ಅಂದರೆ ಪೆನ್ಸಿಲಿಗಿಂತ ಸಪೂರ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನ ಆಯಿಲ್ ಈ ಪೈಪುಗಳಲ್ಲಿ ಹಾದು, ಚಕ್ರದ ಬಳಿ ರಬ್ಬರ್ ಹೋಸಿಗೆ ಇಳಿದು, ಬ್ರೇಕ್ ಪ್ಯಾಡುಗಳನ್ನು ಒತ್ತುತ್ತದೆ. ಜೋರಾಗಿ ತುಳಿದರೆ ಪೈಪಿನೊಳಗಿನ ಒತ್ತಡ 100 ಬಾರ್ ಸುತ್ತಮುತ್ತ ಏರಬಲ್ಲದು. ಟೈರಿನ ಗಾಳಿಯ ಒತ್ತಡದ 40 ಪಟ್ಟಿಗೂ ಹೆಚ್ಚು. ಇದರಲ್ಲೊಂದು ಕ್ರೂರ ತರ್ಕವೂ ಇದೆ. ತುಕ್ಕು ತಿಂದು ಜೀರ್ಣವಾದ ಪೈಪ್ ಸಿಗ್ನಲ್‌ನಲ್ಲಿ ಮೆಲ್ಲಗೆ ಪೆಡಲ್ ಒತ್ತಿದಾಗ ಹೇಗೋ ತಾಳಿಕೊಳ್ಳುತ್ತದೆ. ಎದುರಿಗೆ ದನವೋ ಮಗುವೋ ಅಡ್ಡ ಬಂದು, ಇದ್ದ ಬಲವನ್ನೆಲ್ಲ ಹಾಕಿ ತುಳಿದಾಗಲೇ ಒಡೆಯುತ್ತದೆ.

ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಅಳವಡಿಸಿದ ಮೊದಲ ಮಾರಾಟದ ಕಾರು ಅಮೆರಿಕದ ಡ್ಯೂಸೆನ್‌ಬರ್ಗ್ ಮಾಡೆಲ್ ಎ, 1921ರಲ್ಲಿ ಬಂತು. ಅಲ್ಲಿಂದ ಸುಮಾರು 40 ವರ್ಷ ಬಹುತೇಕ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಆಯಿಲ್ ದಾರಿ. ಎಲ್ಲಾದರೂ ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಚಕ್ರ ಅನಾಥ. 1962ರ ಕ್ಯಾಡಿಲಾಕ್ ಕಾರುಗಳಲ್ಲಿ ಆಯಿಲ್ ದಾರಿಯನ್ನು ಎರಡಾಗಿ ಒಡೆದರು. 1968ರಿಂದ ಅಮೆರಿಕದಲ್ಲಿ ಅದು ಕಾನೂನೇ ಆಯಿತು. ಇಂದು ನಮ್ಮ ರಸ್ತೆಯಲ್ಲಿ ಓಡುವ ಪುಟ್ಟ ಹ್ಯಾಚ್‌ಬ್ಯಾಕಿನಲ್ಲೂ ದಾರಿ ಎರಡಿದೆ. ಮುಂದಿನ ಎಡ ಚಕ್ರಕ್ಕೂ ಹಿಂದಿನ ಬಲ ಚಕ್ರಕ್ಕೂ ಒಂದು, ಉಳಿದೆರಡಕ್ಕೆ ಇನ್ನೊಂದು. ಕತ್ತರಿಯಾಕಾರದ ಈ ಜೋಡಣೆಯೇ ಹೆಚ್ಚು.

ಹೀಗಾಗಿ ಆಧುನಿಕ ಕಾರಿನಲ್ಲಿ ಒಂದು ಪೈಪ್ ಒಡೆದರೆ ಬ್ರೇಕ್ ಪೂರ್ತಿ ಹೋಗುವುದಿಲ್ಲ, ಅರ್ಧ ಹೋಗುತ್ತದೆ. ತೊಂದರೆಯೆಂದರೆ ಈ ಸಂಗತಿ ಸ್ಟಿಯರಿಂಗ್ ಹಿಡಿದವರಿಗೆ ಗೊತ್ತಿರುವುದಿಲ್ಲ. ಎಂದೂ ಅರ್ಧಕ್ಕೆ ಗಟ್ಟಿಯಾಗುತ್ತಿದ್ದ ಪೆಡಲ್ ಥಟ್ಟನೆ ತಳದವರೆಗೂ ಕುಸಿದರೆ 'ಮುಗಿಯಿತು' ಎಂದು ಕಾಲು ತೆಗೆದುಬಿಡುತ್ತಾರೆ. ಉಳಿದ ಅರ್ಧ ಬ್ರೇಕ್ ಕೆಲಸ ಶುರು ಮಾಡುವುದೇ ಆ ತಳದಲ್ಲಿ. ಕಾಲು ತೆಗೆಯದೆ ಇನ್ನೂ ಬಲವಾಗಿ ಒತ್ತಿ ಹಿಡಿದರೆ ಕಾರು ನಿಧಾನವಾಗಿಯಾದರೂ ನಿಲ್ಲುತ್ತದೆ. ಮಾಮೂಲಿಗಿಂತ ಎರಡು ಪಟ್ಟು ದೂರ ತೆಗೆದುಕೊಳ್ಳಬಹುದು, ಅಷ್ಟೆ. ಒಂದೇ ಒತ್ತಿಗೆ ಏನೂ ಹತ್ತದಿದ್ದರೆ ಪೆಡಲನ್ನು ಬೇಗಬೇಗ ನಾಲ್ಕಾರು ಸಲ ತುಳಿದು ಒತ್ತಡ ಕಟ್ಟಿಕೊಳ್ಳುತ್ತದೆಯೇ ನೋಡಬೇಕು.

ಅದೂ ಆಗದಿದ್ದರೆ? ಎರಡು ಆಸರೆ ಉಳಿದಿರುತ್ತವೆ: ಎಂಜಿನ್ ಮತ್ತು ಹ್ಯಾಂಡ್‌ಬ್ರೇಕ್. ಗೇರನ್ನು ಒಂದೊಂದಾಗಿ ಇಳಿಸುತ್ತ ಬಂದರೆ ಎಂಜಿನ್ನೇ ಕಾರನ್ನು ಹಿಡಿದೆಳೆಯುತ್ತದೆ. ಐದರಿಂದ ನೇರ ಒಂದಕ್ಕೆ ಹಾರಲು ಹೋದರೆ ಗೇರ್ ಬೀಳದೆ ನ್ಯೂಟ್ರಲಿನಲ್ಲಿ ಉಳಿಯುವ ಅಪಾಯವಿದೆ, ಆಗ ಇದ್ದ ಹಿಡಿತವೂ ಹೋಯಿತು. ಆಟೋಮ್ಯಾಟಿಕ್ ಕಾರಾದರೆ ಲಿವರನ್ನು ಎಲ್‌ಗೋ ಮ್ಯಾನುವಲ್ ಕಡೆಗೋ ತಂದು ಇಳಿಸಬೇಕು. ಓಡುವ ಕಾರಿನಲ್ಲಿ 'ಪಿ' ಮುಟ್ಟಬಾರದು. ಹ್ಯಾಂಡ್‌ಬ್ರೇಕ್ ಎಳೆಯುವುದು ತಂತಿ, ಆಯಿಲ್ ಅಲ್ಲ. ಪೈಪ್ ಒಡೆದರೂ ಅದಕ್ಕೇನೂ ಆಗಿರುವುದಿಲ್ಲ. ಆದರೆ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಸಿನಿಮಾದಲ್ಲಿ ತೋರಿಸುವಂತೆ ಒಮ್ಮೆಲೇ ಎಳೆದರೆ ಕಾರಿನ ಹಿಂಭಾಗ ಗಿರ್ರನೆ ತಿರುಗಿಬಿಡುತ್ತದೆ. ತುದಿಯ ಗುಂಡಿ ಒತ್ತಿ ಹಿಡಿದೇ ಮೆಲ್ಲಗೆ ಎಳೆಯುತ್ತ, ಜಾರುತ್ತಿದೆ ಅನ್ನಿಸಿದರೆ ಸಡಿಲಿಸುತ್ತ ಬರಬೇಕು. ಹೊಸ ಕಾರುಗಳಲ್ಲಿ ಲಿವರಿನ ಜಾಗದಲ್ಲಿ ಸ್ವಿಚ್ ಬಂದಿದೆ. ಅದನ್ನು ಎಳೆದು ಹಿಡಿದುಕೊಂಡರೆ ಬಹುತೇಕ ಕಾರುಗಳು ತಾವಾಗಿ ವೇಗ ತಗ್ಗಿಸುತ್ತವೆ. ತಮ್ಮ ಕಾರಿನಲ್ಲಿ ಅದು ಹೇಗೆ ಎಂಬುದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದೆ ಬಿದ್ದಿರುವ ಕೈಪಿಡಿಯಲ್ಲಿದೆ.

ಎಂಜಿನ್ ಆಫ್ ಮಾಡಬೇಕೆಂದು ಸಲಹೆ ಕೊಡುವವರು ಊರಿಗೊಬ್ಬರಾದರೂ ಇರುತ್ತಾರೆ. ಅವರ ಮಾತು ಕೇಳಬಾರದು. ಎಂಜಿನ್ ನಿಂತರೆ ಪವರ್ ಸ್ಟಿಯರಿಂಗ್ ಕಲ್ಲಾಗುತ್ತದೆ, ಪೆಡಲಿಗೆ ನೆರವಾಗುವ ಬೂಸ್ಟರ್ ಎರಡು ಮೂರು ಒತ್ತಿಗೆ ಬರಿದಾಗುತ್ತದೆ, ಕೀ ತೆಗೆದರೆ ಸ್ಟಿಯರಿಂಗೇ ಲಾಕ್ ಆಗಬಹುದು. ಹಾರ್ನ್ ಬಿಡದೆ ಹೊಡೆಯುತ್ತ, ಹಜಾರ್ಡ್ ದೀಪ ಹಾಕಿ, ಏರುದಾರಿಯೋ ಕೆಸರಿನ ಅಂಚೋ ಸಿಕ್ಕರೆ ಅತ್ತ ತಿರುಗಬೇಕು. ಚಾರ್ಮಾಡಿ, ಶಿರಾಡಿ, ಆಗುಂಬೆಯಂಥ ಘಾಟಿಯಲ್ಲಿ ಏರುದಾರಿ ಕೈಗೆ ಸಿಗುವಂಥದ್ದಲ್ಲ. ಅಲ್ಲಿ ಪ್ರಪಾತದ ಕಡೆ ಬಿಟ್ಟು ಧರೆಯ ಕಡೆಗೆ ಕಾರನ್ನು ಓರೆಯಾಗಿ ಒತ್ತಿ ಉಜ್ಜಿಸುತ್ತ ನಿಲ್ಲಿಸುವುದೇ ಉಳಿದ ಮಾರ್ಗ. ಬಾಗಿಲು ನುಜ್ಜಾಗುತ್ತದೆ, ಕನ್ನಡಿ ಹಾರಿಹೋಗುತ್ತದೆ. ಅದು ಅಗ್ಗದ ವ್ಯಾಪಾರ.

ಘಾಟಿಯ ಮಾತು ಬಂದಾಗ ಇನ್ನೊಂದು ಬಗೆಯ ವೈಫಲ್ಯವನ್ನೂ ಹೇಳಬೇಕು. ಅಲ್ಲಿ ಪೈಪ್ ಒಡೆದಿರುವುದೇ ಇಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವುದಕ್ಕೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, 3.7 ಶೇಕಡಾ ನೀರು ಸೇರಿದ ಮೇಲೆ 140 ಡಿಗ್ರಿ ಸಾಕು. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಇಳಿಜಾರಿನುದ್ದಕ್ಕೂ ಪೆಡಲಿನ ಮೇಲೇ ಕಾಲಿಟ್ಟುಕೊಂಡು ಬಂದರೆ ಬ್ರೇಕ್ ಕಾದು, ಹಳೆಯ ಆಯಿಲ್ ಕುದಿದು ಆವಿಯಾಗುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ. ಸ್ವಲ್ಪ ಹೊತ್ತು ನಿಂತು ತಣಿದರೆ ಬ್ರೇಕ್ ಮತ್ತೆ ಸರಿಹೋಗುವುದರಿಂದ, ಮೆಕ್ಯಾನಿಕ್ ನೋಡುವಾಗ 'ಏನೂ ತೊಂದರೆ ಇಲ್ಲವಲ್ಲ ಸಾರ್' ಎಂಬ ಉತ್ತರ ಬರುವುದೂ ಉಂಟು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ಬಹಳಷ್ಟು ಕಂಪನಿಗಳು ಹೇಳುವುದು ಇದಕ್ಕೇ. ಏರುವ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಬಸ್ ಚಾಲಕರ ಪಾಠದ ಮುಂದೆ ಯಾವ ಎಬಿಎಸ್ಸೂ ಇಲ್ಲ.

ಬ್ರೇಕ್ ಹೋಯಿತು ಎಂದವರೆಲ್ಲರ ಬ್ರೇಕ್ ಹೋಗಿರುವುದಿಲ್ಲ ಎಂಬುದೂ ಅಷ್ಟೇ ನಿಜ. 2022ರ ನವೆಂಬರ್ 20ರ ರಾತ್ರಿ ಪುಣೆಯ ನವಲೆ ಸೇತುವೆ ಬಳಿ, ಬೆಂಗಳೂರು–ಮುಂಬೈ ಹೆದ್ದಾರಿಯಲ್ಲಿ, ಲಾರಿಯೊಂದು ಇಳಿಜಾರಿನಲ್ಲಿ ನುಗ್ಗಿ ಸಾಲು ಸಾಲು ವಾಹನಗಳನ್ನು ಜಜ್ಜಿತು. ಮೊದಲು ಹಬ್ಬಿದ್ದು ಬ್ರೇಕ್ ವೈಫಲ್ಯದ ಸುದ್ದಿ. ತಪಾಸಣೆಯ ನಂತರ ಪೊಲೀಸರು ಹೇಳಿದ್ದು ಬೇರೆ: ಡೀಸೆಲ್ ಉಳಿಸಲು ಚಾಲಕ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿದ್ದ. ಲಾರಿಯ ಏರ್ ಬ್ರೇಕಿಗೆ ಗಾಳಿ ತುಂಬುವುದು ಎಂಜಿನ್. ಅದನ್ನೇ ಆರಿಸಿ, ಲಾರಿಯನ್ನು ಹಿಡಿದಿಡುವ ಎಂಜಿನ್ನಿನ ಎಳೆತವನ್ನೂ ಕಳೆದುಕೊಂಡ ಮೇಲೆ ಬ್ರೇಕನ್ನು ದೂರಿ ಫಲವೇನು?

ಮತ್ತೆ ತುಕ್ಕಿಗೆ ಬರೋಣ. ನಿಜಕ್ಕೂ ಪೈಪ್ ಒಡೆದ ಪ್ರಕರಣಗಳಲ್ಲಿ ಮುಖ್ಯ ಆರೋಪಿ ಅದೇ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನಡಿಗೆ ಸಿಡಿದು ಪೈಪನ್ನು ಕೊರೆಯುತ್ತದೆ. ಜನರಲ್ ಮೋಟರ್ಸ್ ಕಂಪನಿಯ 2003ರವರೆಗಿನ ಪಿಕಪ್ ಮತ್ತು ಎಸ್‌ಯುವಿಗಳ ಬ್ರೇಕ್ ಪೈಪುಗಳ ಮೇಲೆ ಸಾವಿರಾರು ದೂರು ಬಂದು, ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ವರ್ಷಗಟ್ಟಲೆ ತನಿಖೆ ಮಾಡಿತು. ವಾಹನಗಳ ಸಂಖ್ಯೆ ಸುಮಾರು 50 ಲಕ್ಷ. 2015ರ ಏಪ್ರಿಲ್‌ನಲ್ಲಿ ಫಲಿತಾಂಶ ಬಂತು: ಇದು ತಯಾರಿಕೆಯ ದೋಷವಲ್ಲ, ವಯಸ್ಸಿನ ತುಕ್ಕು, ಕಂಪನಿ ವಾಹನಗಳನ್ನು ವಾಪಸ್ ಕರೆಯಬೇಕಿಲ್ಲ, ಮಾಲೀಕರು ಅಡಿಭಾಗ ತೊಳೆಯಿಸುತ್ತ, ಪೈಪ್ ನೋಡಿಸುತ್ತ ಇರಲಿ. 2022ರಲ್ಲಿ ಮರ್ಸಿಡಿಸ್ ಬೆಂಜ್ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿತು. 2004ರಿಂದ 2015ರ ನಡುವೆ ತಯಾರಾದ ಎಂಎಲ್, ಜಿಎಲ್ ಮತ್ತು ಆರ್ ಕ್ಲಾಸ್ ಕಾರುಗಳ ಬ್ರೇಕ್ ಬೂಸ್ಟರ್ ತುಕ್ಕು ಹಿಡಿಯಬಹುದೆಂದು ಜಗತ್ತಿನಾದ್ಯಂತ ಹತ್ತಿರ ಹತ್ತಿರ 10 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು. ಪರೀಕ್ಷೆಯಾಗುವ ತನಕ ಓಡಿಸಲೇಬೇಡಿ ಎಂದಿತು. ವಾಹನ ಹಳತಾದ ಮೇಲೆ ತುಕ್ಕು ಬರುತ್ತದೆ ಎಂಬುದು ಎರಡೂ ಕಡೆ ಒಂದೇ, ಹೊಣೆ ಹೊತ್ತ ರೀತಿ ಬೇರೆ.

ಕರ್ನಾಟಕದಲ್ಲಿ ಹಿಮವಿಲ್ಲ, ರಸ್ತೆಗೆ ಉಪ್ಪು ಸುರಿಯುವವರಿಲ್ಲ. ಆದರೆ ಕಾರವಾರದಿಂದ ಉಳ್ಳಾಲದವರೆಗೆ ಸಮುದ್ರವೇ ಆ ಕೆಲಸ ಮಾಡುತ್ತದೆ. ಕಿಟಕಿಯ ಸರಳು ಎಷ್ಟು ಬೇಗ ಕೆಂಪಾಗುತ್ತದೆ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಅದರ ಮೇಲೆ ನಾಲ್ಕು ತಿಂಗಳ ಮಳೆ, ಮಲೆನಾಡಿನ ಕೆಸರು. ಪೈಪನ್ನು ಕಾರಿನ ಮೈಗೆ ಹಿಡಿದಿಡುವ ಕ್ಲಿಪ್ಪುಗಳ ಸಂದಿಯಲ್ಲಿ ಮಣ್ಣು ಮೆತ್ತಿ ಬೇಸಿಗೆಯವರೆಗೂ ತೇವ ಆರದು. ಬೆಂಗಳೂರಿನಲ್ಲಿ ಕೊಳ್ಳುವ ಸೆಕೆಂಡ್ ಹ್ಯಾಂಡ್ ಕಾರು ಮೊದಲ ಹತ್ತು ವರ್ಷ ಎಲ್ಲಿ ಕಳೆದಿತ್ತು ಎಂದು ಯಾರು ಕೇಳುತ್ತಾರೆ? ಓಡಿದ ಕಿಲೋಮೀಟರ್ ನೋಡುತ್ತಾರೆ, ಸೀಟು ತಟ್ಟಿ ನೋಡುತ್ತಾರೆ, ಬಣ್ಣಕ್ಕೆ ಮರುಳಾಗುತ್ತಾರೆ.

ನಮ್ಮ ಕಾನೂನು ಇದಕ್ಕೇನು ಮಾಡಿದೆ ನೋಡಿ. ಟ್ಯಾಕ್ಸಿ, ಲಾರಿ, ಬಸ್ಸಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದೆ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಮೊದಲ 15 ವರ್ಷ ಯಾವ ತಪಾಸಣೆಯೂ ಇಲ್ಲ. ಹೊಗೆಗೆ ಮಾತ್ರ ಆರು ತಿಂಗಳಿಗೋ ವರ್ಷಕ್ಕೋ ಎಮಿಷನ್ ಟೆಸ್ಟ್ ಕಡ್ಡಾಯ. ಪೆಟ್ರೋಲ್ ಬಂಕಿನ ಪಕ್ಕ ನಿಂತ ವ್ಯಾನಿನಲ್ಲಿ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಸೈಲೆನ್ಸರಿನ ತುದಿಯಲ್ಲಿ ಏನು ಬರುತ್ತದೆ ಎಂದು ಕೇಳುವ ಸರ್ಕಾರ, ಅದರ ಒಂದೆರಡು ಅಡಿ ಆಚೆ ಹಾದುಹೋಗುವ ಬ್ರೇಕ್ ಪೈಪ್ ಯಾವ ಸ್ಥಿತಿಯಲ್ಲಿದೆ ಎಂದು ಹದಿನೈದು ವರ್ಷ ಕೇಳುವುದಿಲ್ಲ. ಹೊಗೆಯ ಪರೀಕ್ಷೆ ಬೇಡವೆಂದಲ್ಲ, ಬ್ರೇಕಿಗೂ ಅಷ್ಟು ಮರ್ಯಾದೆ ಸಲ್ಲಬೇಕು.

ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಇದೆಯಲ್ಲ ಎನ್ನಬಹುದು. ಗೊತ್ತಿರುವ, ಅಥವಾ ಸಾಮಾನ್ಯ ಎಚ್ಚರವಿದ್ದರೆ ಗೊತ್ತಾಗಬಹುದಾಗಿದ್ದ ಅಪಾಯಕಾರಿ ದೋಷವಿರುವ ವಾಹನ ಓಡಿಸಿದರೆ 1,500 ರೂಪಾಯಿ ದಂಡ. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ. ಆದರೆ 'ಸಾಮಾನ್ಯ ಎಚ್ಚರ' ಎಂದರೆ ಏನು? ಸೀರೆಯುಟ್ಟ ಶಿಕ್ಷಕಿಯೋ ನಿವೃತ್ತ ಗುಮಾಸ್ತರೋ ಕಾರಿನಡಿಗೆ ನುಸುಳಿ ಪೈಪ್ ತಡವಿ ನೋಡಲಿ ಎಂದೇ? ಲಂಡನ್ನಿನ ನ್ಯಾಯಪೀಠ ಹೊಣೆಯನ್ನು ಮಾಲೀಕನ ತಲೆಗೆ ಕಟ್ಟಿತು, ಅಮೆರಿಕದ ಸಂಸ್ಥೆಯೂ ಹಾಗೇ ಮಾಡಿತು, ನಮ್ಮ ಕಾಯ್ದೆಯದೂ ಅದೇ ದಾರಿ. ಇರಲಿ. ಆದರೆ ಹೊಣೆ ಹೊರಿಸುವ ಮೊದಲು ನೋಡಿಸುವ ಏರ್ಪಾಡಾದರೂ ಬೇಡವೇ?

ಬ್ರಿಟನ್ ಅದನ್ನು ಹೆಂಡರ್ಸನ್ ತೀರ್ಪಿಗೂ ಮುಂಚೆಯೇ ಶುರು ಮಾಡಿತ್ತು. 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳ ಬ್ರೇಕ್, ಸ್ಟಿಯರಿಂಗ್, ದೀಪಗಳ ವಾರ್ಷಿಕ ಪರೀಕ್ಷೆ ಬಂತು. ಫೇಲಾದ ಕಾರುಗಳ ಸಂಖ್ಯೆ ಗಾಬರಿ ಹುಟ್ಟಿಸುವಂತಿದ್ದುದರಿಂದ ಮರುವರ್ಷವೇ ಮಿತಿ ಏಳಕ್ಕೆ ಇಳಿಯಿತು. 1967ರಲ್ಲಿ ಮೂರು ವರ್ಷಕ್ಕೆ. ಎಂಒಟಿ ಎಂದು ಕರೆಯುವ ಈ ಪರೀಕ್ಷೆಯ ಕೈಪಿಡಿ ಬ್ರೇಕ್ ಪೈಪಿಗೂ ಅಳತೆ ಕೊಟ್ಟಿದೆ: ತುಕ್ಕಿನಿಂದ ಗೋಡೆಯ ಮೂರನೇ ಒಂದು ಭಾಗ ಸವೆದಿದ್ದರೆ ಕಾರು ಫೇಲ್. ಅದನ್ನು ನಡೆಸುವವರು ಹೆಚ್ಚಾಗಿ ಪರವಾನಗಿ ಪಡೆದ ಖಾಸಗಿ ಗ್ಯಾರೇಜಿನವರು. ಜಪಾನ್, ಜರ್ಮನಿಗಳಲ್ಲೂ ಹೊಸ ಕಾರಿಗೆ ಮೂರು ವರ್ಷ ಬಿಡುವು, ಆಮೇಲೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ.

ಇಲ್ಲಿ ಅದನ್ನು ತಂದರೆ ಏಜೆಂಟರಿಗೆ ಹಬ್ಬ, ಆರ್‌ಟಿಒ ಕಚೇರಿಯಲ್ಲಿ ಇನ್ನೊಂದು ಕ್ಯೂ, ಕಾರನ್ನು ನೋಡದೆಯೇ ಸೀಲು ಬೀಳುತ್ತದೆ ಎಂಬ ಆಕ್ಷೇಪ ಬರುತ್ತದೆ. ಬರಬೇಕಾದ್ದೇ, ಹಳದಿ ಬೋರ್ಡಿನವರು ಎಫ್‌ಸಿ ಅನುಭವ ಹೇಳತೊಡಗಿದರೆ ಒಂದು ಸಂಜೆ ಸಾಲದು. ಆದರೆ ಪರೀಕ್ಷೆ ಆರ್‌ಟಿಒ ಅಂಗಳದಲ್ಲೇ ಆಗಬೇಕಿಲ್ಲ. ಕಾರನ್ನು ಲಿಫ್ಟಿನ ಮೇಲೆ ಎತ್ತಬಲ್ಲ ಯಾವ ಗ್ಯಾರೇಜಾದರೂ ಇದನ್ನು ಮಾಡಬಹುದು. ಐದು ವರ್ಷ ದಾಟಿದ ಕಾರಿಗೆ ಎರಡು ವರ್ಷಕ್ಕೊಮ್ಮೆ, ಎಮಿಷನ್ ಸರ್ಟಿಫಿಕೇಟಿನ ಜೊತೆಗೇ, ಪೈಪ್, ಹೋಸ್, ಆಯಿಲ್, ಹ್ಯಾಂಡ್‌ಬ್ರೇಕ್ ಈ ನಾಲ್ಕರ ಫೋಟೊ ಸಹಿತ ವರದಿ ಸಾಕು. ಫೋಟೊದ ಮೇಲೆ ದಿನಾಂಕ ಇರಲಿ, ನೋಡಿದವನ ಹೆಸರೂ ಇರಲಿ. ಅಪಘಾತವಾದರೆ ಮೋಟಾರು ವಾಹನ ನಿರೀಕ್ಷಕರು ಹೇಗೂ ಬ್ರೇಕ್ ಪರಿಶೀಲಿಸಿ ವರದಿ ಬರೆಯುತ್ತಾರೆ. ಹೆಣ ಬೀಳುವ ಮೊದಲು ಒಂದು ವರದಿ ಬರೆಸಿಟ್ಟುಕೊಳ್ಳುವುದು ದೊಡ್ಡ ಮಾತೇನಲ್ಲ.

ಸಾರಿಗೆ ಇಲಾಖೆ ಏಳುವವರೆಗೆ ಕಾರಿಟ್ಟುಕೊಂಡವರು ಕಾಯಬೇಕಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಉರಿಯುತ್ತಿದ್ದರೆ ಮನೆಯವರೆಗೆ ಹೋಗಿ ನೋಡೋಣ ಎನ್ನದೆ ಅಲ್ಲೇ ನಿಲ್ಲಿಸಿ. ಬಾನೆಟ್ ಎತ್ತಿದಾಗ ಆಯಿಲ್ ಮಟ್ಟ ಇಳಿದಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಪ್ಯಾಡ್ ಸವೆದಂತೆ ಅದು ವರ್ಷಗಟ್ಟಲೆಯಲ್ಲಿ ನಿಧಾನಕ್ಕೆ ಇಳಿಯುತ್ತದೆ, ವಾರದಲ್ಲಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಚಕ್ರದ ಒಳಮಗ್ಗುಲಲ್ಲಿ ಜಿಡ್ಡಿನ ಕಲೆ ಕಂಡರೂ ಅಷ್ಟೆ. ಮುಂದಿನ ಸರ್ವಿಸ್ಸಿಗೆ ಬಿಟ್ಟಾಗ ವ್ಯಾಕ್ಸ್ ಪಾಲಿಶ್ ಬೇಕೇ ಎಂದು ಕೇಳುವ ಹುಡುಗನಿಗೆ ಬೇಡವೆಂದು ಹೇಳಿ, ಕಾರನ್ನು ಲಿಫ್ಟಿಗೆ ಏರಿಸಲು ಕೇಳಿ. ಅಡಿಗೆ ಹೋಗಿ ಬ್ರೇಕ್ ಪೈಪನ್ನು ಮುಂದಿನಿಂದ ಹಿಂದಿನ ಚಕ್ರದವರೆಗೂ ಟಾರ್ಚ್ ಹಿಡಿದು ತೋರಿಸು ಎನ್ನಿ. ಕ್ಲಿಪ್ ಬಿಚ್ಚಿ ಅದರ ಸಂದಿಯನ್ನೂ ತೋರಿಸು ಎನ್ನಿ. ತುಕ್ಕು ಪದರ ಏಳುತ್ತಿದ್ದರೆ ಆ ತುಂಡಿಗೆ ತೇಪೆ ಹಾಕಿಸದೆ ಪೈಪನ್ನೇ ಬದಲಾಯಿಸಿ.